ಹಡಗು ಬಿಟ್ಟು ದೋಣಿ ಹಿಡಿಯುವ ವಿದ್ಯೆ

ನಮ್ಮ ದೋರನಹಳ್ಳಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಈ ಲೇಖನದ ಶೀರ್ಷಿಕೆಯನ್ನು ಕಂಡವರು ಕೇಳಬಹುದು. ಕೇಳುವುದು ಸಹಜವೇ. ನಮ್ಮ ಸೀಮೆಯವರಿಗೆ ನೀರೆಂದರೆ ದಕ್ಷಿಣದ ಕೃಷ್ಣೆ, ಪೂರ್ವದ ಭೀಮೆ ಮತ್ತು ನಾರಾಯಣಪುರ ಜಲಾಶಯದಿಂದ ಹರಿದುಬರುವ ಕಾಲುವೆ. ದೋಣಿ ಎಂದರೆ ತೊಗಲಿನ ಹರಿಗೋಲು, ಇಲ್ಲವೇ ತೆಪ್ಪ. ಆದರೂ ಕಳೆದ ಕೆಲವು ವರ್ಷಗಳಿಂದ ಶಹಾಪುರ, ಸುರಪುರ, ಯಾದಗಿರಿ ಕಡೆಯ ತರುಣರು "ಮರ್ಚಂಟ್ ನೇವಿ" ಎಂಬ ಮಾತನ್ನು ಆಗಾಗ ಆಡುತ್ತಿದ್ದಾರೆ. ನನ್ನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗನೊಬ್ಬ ಇಂದು ವಾಣಿಜ್ಯ ಹಡಗೊಂದರಲ್ಲಿ ನಾವಿಕನಾಗಿದ್ದಾನೆ. ಊರಿಗೆ ಬಂದಾಗ ಮನೆಗೆ ಬಂದು ಕಾಲಿಗೆರಗಿ, ತಾನು ಕಲಿತದ್ದನ್ನು ನನಗೆ ವಿವರಿಸಿದ. ಅವನು ಹೇಳಿದ್ದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ದೇಶವಿದೇಶಗಳ ವರ್ಣನೆಯಲ್ಲ. ಹಡಗು ಮುಳುಗುವ ಸಂದರ್ಭದಲ್ಲಿ ಲೈಫ್‌ಬೋಟನ್ನು ನೀರಿಗಿಳಿಸುವ ವಿದ್ಯೆಯನ್ನು ಕಲಿಸುವ ಬಗೆ. ಆ ವಿದ್ಯೆಗೆ ಒಂದು ಇತಿಹಾಸವಿದೆ. ಅದನ್ನು ಯಾರು ಕಲಿಸಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೂ ನೂರು ವರ್ಷಗಳ ಇತಿಹಾಸವಿದೆ. ನಿವೃತ್ತನಾದ ಇತಿಹಾಸದ ಮೇಷ್ಟ್ರಿಗೆ ಇಷ್ಟು ಕಾರಣ ಸಾಕಲ್ಲವೇ?

ಲೈಫ್‌ಬೋಟ್ ಎಂದರೆ ಹಡಗಿನ ಮಗ್ಗುಲಲ್ಲಿ ಎತ್ತರದಲ್ಲಿ ತೂಗುಹಾಕಿದ ಜೀವರಕ್ಷಕ ದೋಣಿ. ಡೇವಿಟ್ ಎಂಬ ಎರಡು ಕಬ್ಬಿಣದ ತೋಳುಗಳಿಂದ ಅದು ಜೋಲುತ್ತಿರುತ್ತದೆ. ನೋಡುವವರಿಗೆ ಅದನ್ನು ಇಳಿಸುವುದು ಬಾವಿಗೆ ಕೊಡ ಇಳಿಸಿದಷ್ಟೇ ಸುಲಭವೆನ್ನಿಸಬಹುದು. ವಾಸ್ತವ ಹಾಗಿಲ್ಲ. ಹಡಗು ಒಂದು ಮಗ್ಗುಲಿಗೆ ವಾಲಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಕತ್ತಲಿರುತ್ತದೆ, ಜನ ಅಂಜಿರುತ್ತಾರೆ. ಮೊದಲು ದೋಣಿಯ ತಳದ ರಂಧ್ರಕ್ಕೆ ಬಿರಡೆ ಹಾಕಬೇಕು. ಮರೆತರೆ ಇಳಿದ ದೋಣಿಗೆ ನೀರು ನುಗ್ಗುತ್ತದೆ. ಎರಡೂ ತುದಿಗಳ ಹಗ್ಗಗಳನ್ನು ಸಮನಾಗಿ ಸಡಿಲಿಸಬೇಕು. ಒಂದು ತುದಿ ಮುಂಚೆ ಇಳಿದರೆ ದೋಣಿ ಮುಗ್ಗರಿಸಿ ಒಳಗಿದ್ದವರೆಲ್ಲ ಕಡಲಿಗೆ ಬೀಳುತ್ತಾರೆ. ಅಲೆ ಮೇಲೇರಿದ ಕ್ಷಣ ನೋಡಿ ಎರಡು ಕೊಕ್ಕೆಗಳನ್ನೂ ಒಟ್ಟಿಗೆ ಬಿಡಿಸಬೇಕು. ಅನಂತರ ಹಡಗಿನ ಗೋಡೆಗೆ ಬಡಿದು ದೋಣಿ ಒಡೆಯದಂತೆ ದೂರಕ್ಕೆ ಸಾಗಬೇಕು. ಇಷ್ಟನ್ನೂ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸಬೇಕು. ಪುಸ್ತಕ ಓದಿ ಕಲಿಯುವ ವಿದ್ಯೆ ಇದಲ್ಲ. ಕೈಗೆ ರೂಢಿಯಾಗಬೇಕಾದ ವಿದ್ಯೆ.

ಈ ವಿದ್ಯೆ ಸರಕಾರಗಳ ಕಣ್ಣಿಗೆ ಬಿದ್ದದ್ದು 1912ರಲ್ಲಿ. ಆ ವರ್ಷದ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಬಂಡೆಗೆ ತಾಗಿ ಮರುದಿನ ನಸುಕಿನಲ್ಲಿ ಮುಳುಗಿತು. ಅದರಲ್ಲಿದ್ದವರು ಸುಮಾರು 2,200 ಮಂದಿ. ಸತ್ತವರು ಸುಮಾರು 1,500. ಹಡಗಿನಲ್ಲಿದ್ದ ದೋಣಿಗಳು ಇಪ್ಪತ್ತೇ. ಅವುಗಳಲ್ಲಿ ಹಿಡಿಯುತ್ತಿದ್ದದ್ದು 1,178 ಮಂದಿ. ಅಂದಿನ ಬ್ರಿಟಿಷ್ ನಿಯಮವು ಹತ್ತು ಸಾವಿರ ಟನ್ನಿಗೆ ಮೀರಿದ ಹಡಗುಗಳಿಗೆಲ್ಲ ಹದಿನಾರು ದೋಣಿ ಸಾಕೆಂದು ಹೇಳುತ್ತಿತ್ತು. ಟೈಟಾನಿಕ್ಕಿನ ಗಾತ್ರವೋ 46,000 ಟನ್. ಇದನ್ನು ನಾನು ತರಗತಿಯಲ್ಲಿಯೂ ಹೇಳಿದ್ದುಂಟು. ಆದರೆ ದೋಣಿಗಳ ಕೊರತೆಯಷ್ಟೇ ಅಲ್ಲಿನ ಕಥೆಯಲ್ಲ. ಮೊದಲು ಇಳಿದ ದೋಣಿಯಲ್ಲಿ 65 ಮಂದಿಗೆ ಸ್ಥಳವಿದ್ದರೂ ಹೋದವರು 28 ಮಂದಿ ಮಾತ್ರ. ದೋಣಿ ತುಂಬಿದರೆ ಹಗ್ಗ ತಡೆಯುತ್ತದೋ ಇಲ್ಲವೋ ಎಂಬ ಶಂಕೆ ಅಧಿಕಾರಿಗಳಿಗೇ ಇತ್ತು. ಯಾವ ದೋಣಿಗೆ ತಾನು ಹೋಗಬೇಕೆಂಬುದು ಸಿಬ್ಬಂದಿಯಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಇದ್ದ ದೋಣಿಗಳಲ್ಲಿಯೇ ನಾಲ್ಕು ನೂರಕ್ಕೂ ಹೆಚ್ಚು ಸ್ಥಾನಗಳು ಖಾಲಿ ಹೋದವು. ಅವರನ್ನು ಕೊಂದದ್ದು ದೋಣಿಯ ಅಭಾವವಲ್ಲ, ಅಭ್ಯಾಸದ ಅಭಾವ.

ಇದರ ಫಲವಾಗಿ ಲಂಡನ್ನಿನಲ್ಲಿ ರಾಷ್ಟ್ರಗಳು ಸೇರಿ 1914ರ ಜನವರಿಯಲ್ಲಿ ಕಡಲಿನಲ್ಲಿ ಜೀವರಕ್ಷಣೆಯ ಒಪ್ಪಂದವೊಂದನ್ನು ಮಾಡಿಕೊಂಡವು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಸೋಲಾಸ್ ಎನ್ನುತ್ತಾರೆ. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಸ್ಥಳವಿರಬೇಕು ಎಂಬುದು ಅದರ ಒಂದು ಮುಖ; ದೋಣಿ ನಡೆಸಬಲ್ಲವರೆಂದು ಸರಕಾರದ ಪ್ರಮಾಣಪತ್ರ ಪಡೆದವರು ಹಡಗಿನಲ್ಲಿರಬೇಕು ಎಂಬುದು ಇನ್ನೊಂದು ಮುಖ. ಅದೇ ವರ್ಷ ಮಹಾಯುದ್ಧ ಆರಂಭವಾದ್ದರಿಂದ ಆ ಒಪ್ಪಂದ ಜಾರಿಗೆ ಬರಲಿಲ್ಲ. ಮುಂದೆ 1929, 1948, 1960 ಮತ್ತು 1974ರಲ್ಲಿ ಅದು ಮತ್ತೆ ಮತ್ತೆ ಹೊಸ ರೂಪ ಪಡೆಯಿತು. 1948ರ ಮತ್ತು 1960ರ ನಿಯಮಗಳಲ್ಲಿ ಲೆಕ್ಕವನ್ನೇ ಕೊಟ್ಟಿದ್ದರು: 40 ಮಂದಿಯವರೆಗಿನ ದೋಣಿಗೆ ಪ್ರಮಾಣಪತ್ರವುಳ್ಳ ಇಬ್ಬರು, 61ರವರೆಗೆ ಮೂವರು, 85ರವರೆಗೆ ನಾಲ್ವರು, ಅದಕ್ಕೂ ಮೀರಿದರೆ ಐವರು.

ಅಮೆರಿಕದಲ್ಲಿ 1915ರ ಮಾರ್ಚ್ 4ರಂದು ನಾವಿಕರ ಕಾಯಿದೆಗೆ ಅಧ್ಯಕ್ಷ ವಿಲ್ಸನ್ ಸಹಿ ಮಾಡಿದರು. ನಾವಿಕ ಸಂಘದ ನಾಯಕ ಆಂಡ್ರ್ಯೂ ಫುರುಸೆತ್ ಮತ್ತು ಸೆನೆಟರ್ ಲಾಫಾಲೆಟ್ ಅವರ ಅನೇಕ ವರ್ಷಗಳ ಹೋರಾಟದ ಫಲ ಅದು. ದೋಣಿಗಳ ಸಂಖ್ಯೆ, ತರಬೇತಾದ ದೋಣಿಗಾರರು ಎರಡೂ ಅದರಲ್ಲಿ ಕಡ್ಡಾಯವಾದವು. ಆದರೆ ವಿಧಿಯ ವ್ಯಂಗ್ಯವನ್ನು ನೋಡಿರಿ. ಅದೇ ವರ್ಷದ ಜುಲೈ 24ರಂದು ಷಿಕಾಗೋ ನಗರದ ನದಿಯಲ್ಲಿ, ದಡಕ್ಕೆ ಕಟ್ಟಿದ್ದ ಈಸ್ಟ್‌ಲ್ಯಾಂಡ್ ಎಂಬ ಹಡಗು ಮಗುಚಿ 844 ಮಂದಿ ಸತ್ತರು. ಮೊದಲೇ ತಲೆಭಾರವಾಗಿದ್ದ ಆ ಹಡಗಿನ ಮೇಲೆ ಹೊಸದಾಗಿ ಹೇರಿದ್ದ ಲೈಫ್‌ಬೋಟುಗಳ ತೂಕವೂ ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಸಾಧನವನ್ನು ಕೊಟ್ಟು ವಿವೇಕವನ್ನು ಕೊಡದಿದ್ದರೆ ರಕ್ಷಕವೇ ಭಕ್ಷಕವಾಗುತ್ತದೆ.

ಅಮೆರಿಕದ ಆ ಕಾಯಿದೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ ಇನ್ನೊಂದು ಅಂಶವಿದೆ. ಹಡಗಿನ ಪ್ರತಿ ವಿಭಾಗದ ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಜನರಿಗೆ ಅಧಿಕಾರಿಯ ಆಜ್ಞೆಯ ಭಾಷೆ ತಿಳಿಯಬೇಕೆಂದು ಅದು ಹೇಳಿತು. ಏಷ್ಯಾದ ನಾವಿಕರನ್ನು ಹೊರಗಿಡುವ ಉದ್ದೇಶವೂ ಅದರ ಹಿಂದೆ ಇತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಪ್ರಶ್ನೆ ಮಾತ್ರ ನಿಜವಾದದ್ದು. ಮುಳುಗುವ ಹಡಗಿನ ಮೇಲೆ ಕೂಗಿದ ಆಜ್ಞೆ ಅರ್ಥವಾಗದಿದ್ದರೆ ಏನು ಗತಿ?

ನಮ್ಮ ದೇಶದ ನಾವಿಕರು ಈ ಪ್ರಶ್ನೆಗೆ ತಮ್ಮದೇ ಉತ್ತರವನ್ನು ಕಂಡುಕೊಂಡಿದ್ದರು. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರನ್ನು ಲಷ್ಕರ್ ಎಂದು ಕರೆಯುತ್ತಿದ್ದರು. ಬಂಗಾಳ, ಅಸ್ಸಾಂ, ಕೊಂಕಣ, ಗೋವಾ, ಕಛ್, ಮಲಬಾರು ಮೊದಲಾದ ಕಡೆಗಳಿಂದ ಬಂದ ಇವರ ಮಾತುಗಳು ಬೇರೆ ಬೇರೆ. ಆದ್ದರಿಂದ ಹಿಂದುಸ್ತಾನಿ, ಪೋರ್ಚುಗೀಸ್, ಇಂಗ್ಲಿಷ್ ಕಲೆತ ಲಷ್ಕರಿ ಮಾತೊಂದು ಹಡಗಿನಲ್ಲಿಯೇ ಹುಟ್ಟಿತು. ಅದಕ್ಕಾಗಿ ಥಾಮಸ್ ರೋಬಕ್ ಎಂಬ ಸೇನಾಧಿಕಾರಿ 1811ರಷ್ಟು ಹಿಂದೆಯೇ ನಿಘಂಟು ರಚಿಸಿದ್ದ. "ಆರಿಯಾ" ಎಂದರೆ ಇಳಿಸು. ಅದು ಪೋರ್ಚುಗೀಸ್ ಮೂಲದ್ದು. "ಹಬೀಸ್" ಎಂದರೆ ಎತ್ತು. ನಾವಿಕರ ಮೇಸ್ತ್ರಿ ಸೇರಂಗ್, ಅವನ ಕೈಕೆಳಗಿನವನು ತಾಂಡೇಲ, ಚುಕ್ಕಾಣಿ ಹಿಡಿಯುವವನು ಸುಕ್ಕಾನಿ, ಉಳಿದವರು ಖಲಾಸಿಗಳು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಕೇಳಿ ಬೆಳೆದ ಮನೆಗಳ ನಮಗೆ ಈ ಶಬ್ದಗಳು ತೀರ ಪರಕೀಯವೆನ್ನಿಸುವುದಿಲ್ಲ.

ಈ ಲಷ್ಕರರ ಸಂಖ್ಯೆ ಕಡಿಮೆಯೇನಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ ಸುಮಾರು 50,000 ಭಾರತೀಯರಿದ್ದರು. ಅಂದರೆ ಅಲ್ಲಿಯ ನಾವಿಕರಲ್ಲಿ ನಾಲ್ಕರಲ್ಲೊಬ್ಬ ನಮ್ಮವ. ಬ್ರಿಟಿಷ್ ನಾವಿಕನ ಸಂಬಳದ ಒಂದು ಸಣ್ಣ ಪಾಲು ಇವರಿಗೆ ಸಿಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಇವರಲ್ಲಿ 3,400ಕ್ಕೂ ಮಿಕ್ಕಿ, ಎರಡನೆಯದರಲ್ಲಿ ಸುಮಾರು 6,600 ಮಂದಿ ಕಡಲಪಾಲಾದರು. ಕೋಲ್ಕತ್ತದ ಹೂಗ್ಲಿ ತೀರದಲ್ಲಿ 1924ರಲ್ಲಿ ಕಟ್ಟಿದ ಲಷ್ಕರ್ ಸ್ಮಾರಕವು ಬಂಗಾಳ, ಅಸ್ಸಾಮುಗಳ 896 ನಾವಿಕರನ್ನು ಸ್ಮರಿಸುತ್ತದೆ. ಮುಂಬಯಿಯ ನಾವಿಕರ ವಸತಿಗೃಹದಲ್ಲಿಯೂ ಅಂಥ ಸ್ಮಾರಕವಿದ್ದು, ಮೊದಲ ಯುದ್ಧದಲ್ಲಿ ಸಮುದ್ರವೇ ಸಮಾಧಿಯಾದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೆನೆಯುತ್ತದೆ. ಮುಂಬಯಿಗೆ ಹೋಗುವ ನಮ್ಮ ಜನ ಗೇಟ್‌ವೇ ನೋಡಿ ಬರುತ್ತಾರೆ. ಇದನ್ನು ನೋಡಿ ಬಂದವರನ್ನು ನಾನು ಕಂಡಿಲ್ಲ.

ಲೈಫ್‌ಬೋಟಿನ ಇತಿಹಾಸದಲ್ಲಿ ಲಷ್ಕರರ ಪಾತ್ರವನ್ನು ತೋರಿಸುವ ಒಂದು ಪ್ರಸಂಗವನ್ನು ಹೇಳುತ್ತೇನೆ. ಸಿಟಿ ಆಫ್ ಬೆನಾರಸ್ (ನಮ್ಮ ಕಾಶಿಯ ಹೆಸರೇ!) ಎಂಬ ಹಡಗು 1940ರ ಸೆಪ್ಟೆಂಬರಿನಲ್ಲಿ, ಬಾಂಬುಗಳಿಂದ ಪಾರುಮಾಡಲೆಂದು 90 ಇಂಗ್ಲಿಷ್ ಮಕ್ಕಳನ್ನು ಹೊತ್ತು ಕೆನಡಾಕ್ಕೆ ಹೊರಟಿತ್ತು. ಅದರ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಸೆಪ್ಟೆಂಬರ್ 17ರ ರಾತ್ರಿ ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕಿ, ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಅದು ಮುಳುಗಿತು. ದೋಣಿಗಳನ್ನು ಇಳಿಸುವಾಗಲೇ ಹಲವು ಮುಗ್ಗರಿಸಿದವು, ನೀರು ತುಂಬಿಕೊಂಡವು. 77 ಮಕ್ಕಳು ಸತ್ತರು. ಉಷ್ಣದೇಶದ ತೆಳು ಬಟ್ಟೆಯಲ್ಲಿದ್ದ ಲಷ್ಕರರು ಆ ಚಳಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಅಳಿದರು. ಹನ್ನೆರಡನೆಯ ನಂಬರಿನ ದೋಣಿಯೊಂದು ಮಾತ್ರ ಯಾರ ಕಣ್ಣಿಗೂ ಬೀಳದೆ ಎಂಟು ದಿನ ತೇಲಿತು. ಅದರಲ್ಲಿ ಆರು ಹುಡುಗರು, ಮೇರಿ ಕಾರ್ನಿಷ್ ಎಂಬ ಸಂಗೀತ ಶಿಕ್ಷಕಿ, ಒಬ್ಬ ಪಾದ್ರಿ, ಕೂಪರ್ ಎಂಬ ತರುಣ ಅಧಿಕಾರಿ ಇದ್ದರು. ಉಳಿದವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಲಷ್ಕರರು. ಆ ದೋಣಿಗೆ ಹುಟ್ಟುಗಳ ಬದಲು ಹಿಂದೆಮುಂದೆ ಜಗ್ಗುವ ಸನ್ನೆಗಳಿದ್ದವು. ಅವುಗಳಿಗೆ ರಟ್ಟೆಯ ಬಲ ಬೇಕಾಗಿತ್ತು, ಆ ಕೆಲಸದಲ್ಲಿ ಲಷ್ಕರರು ದುಡಿದರು. ನೀರು, ಬಿಸ್ಕತ್ತುಗಳನ್ನು ಅಳೆದು ಅಳೆದು ಹಂಚಿದರು. ಶಿಕ್ಷಕಿ ಮಕ್ಕಳಿಗೆ ಕಥೆ ಹೇಳುತ್ತ ಧೈರ್ಯ ಕೊಟ್ಟಳು. ಸೆಪ್ಟೆಂಬರ್ 25ರಂದು ವಿಮಾನವೊಂದು ಅವರನ್ನು ಕಂಡಿತು; ಆಂಥೊನಿ ಎಂಬ ಯುದ್ಧನೌಕೆ ಬಂದು ರಕ್ಷಿಸಿತು. ಆರು ಹುಡುಗರೂ ಬದುಕಿದರು. ಪತ್ರಿಕೆಗಳಲ್ಲಿ ಹುಡುಗರ ಹೆಸರುಗಳು ಬಂದವು. ಲಷ್ಕರರ ಹೆಸರುಗಳನ್ನು ಜನ ನೆನಪಿಡಲಿಲ್ಲ.

ಯುದ್ಧಕಾಲದಲ್ಲಿ ಇನ್ನೆರಡು ಹಡಗುಗಳ ಕಥೆ ಇದಕ್ಕೆ ಪೂರಕವಾಗಿದೆ. ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ತಿಲಾವಾ ಹಡಗನ್ನು 1942ರ ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಅದರಲ್ಲಿದ್ದ 958 ಮಂದಿಯಲ್ಲಿ 280 ಮಂದಿ ಸತ್ತರು. ಉಳಿದವರು ದೋಣಿ, ತೆಪ್ಪಗಳಲ್ಲಿ ತೇಲುತ್ತ ಬ್ರಿಟಿಷ್ ನೌಕೆಗಳ ನೆರವಿನಿಂದ ಪಾರಾದರು. ಮರುವರ್ಷ ನವೆಂಬರ್ 26ರಂದು ಅಲ್ಜೀರಿಯದ ಬಳಿ ಬ್ರಿಟಿಷ್ ಇಂಡಿಯಾ ಕಂಪನಿಯ ರೋಹ್ನಾ ಮುಳುಗಿತು. ಅದರ ಖಲಾಸಿಗಳು ಭಾರತೀಯರು, ಪ್ರಯಾಣಿಕರು ಅಮೆರಿಕದ ಸೈನಿಕರು. ದೋಣಿ ಇಳಿಸುವ ಸಾಧನಗಳು ತುಕ್ಕು ಹಿಡಿದು ಕದಲಲಿಲ್ಲವೆಂದು ಬದುಕುಳಿದವರು ಹೇಳಿದರು. ಸಾವಿರದ ನೂರಕ್ಕೂ ಮಿಕ್ಕಿ ಜನ ಸತ್ತರು. ಒಂದರಲ್ಲಿ ದೋಣಿ ಉಳಿಸಿತು, ಇನ್ನೊಂದರಲ್ಲಿ ಇದ್ದ ದೋಣಿಯೂ ಕೈಕೊಟ್ಟಿತು.

ಬ್ರಿಟನ್ನಿನಲ್ಲಿ ಒಂದು ವಿಚಾರ ಹಡಗು ಕಂಪನಿಗಳ ಮನಸ್ಸನ್ನು ಕಲಕಿತು. ಲೈಫ್‌ಬೋಟಿನಲ್ಲಿ ದಿನಗಟ್ಟಲೆ ತೇಲಬೇಕಾದಾಗ ಗಟ್ಟಿಮುಟ್ಟಾದ ತರುಣರೇ ಮೊದಲು ಎದೆಗುಂದುತ್ತಾರೆ, ಹಾಯಿಹಡಗಿನಲ್ಲಿ ಪಳಗಿದ ಮುದುಕರು ತಾಳಿಕೊಳ್ಳುತ್ತಾರೆ ಎಂದು ಬ್ಲೂ ಫನಲ್ ಕಂಪನಿಯ ಲಾರೆನ್ಸ್ ಹೋಲ್ಟ್ ನಂಬಿದ್ದ. ಅವನೂ ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞನೂ ಸೇರಿ 1941ರಲ್ಲಿ ವೇಲ್ಸಿನ ಅಬರ್ಡೋವಿಯಲ್ಲಿ ಒಂದು ಶಾಲೆ ತೆರೆದರು. ಇಂದು ಜಗತ್ತಿನಾದ್ಯಂತ ಹಬ್ಬಿರುವ ಔಟ್‌ವರ್ಡ್ ಬೌಂಡ್ ಸಂಸ್ಥೆಗಳ ಮೂಲ ಅದೇ. ತರುಣ ನಾವಿಕರಿಗೆ ದೋಣಿ ನಡೆಸುವುದು, ಚಳಿ ತಾಳುವುದು, ಒಬ್ಬರನ್ನೊಬ್ಬರು ನೋಡಿಕೊಳ್ಳುವುದು, ಇವು ಅಲ್ಲಿಯ ಪಾಠಗಳು. ಶಿಕ್ಷಕನಾದ ನನಗೆ ಇದು ದೊಡ್ಡ ಮಾತೆನ್ನಿಸುತ್ತದೆ: ದೋಣಿ ವಿದ್ಯೆಯಲ್ಲಿ ಕೈಚಳಕ ಅರ್ಧ, ಮನೋಬಲ ಅರ್ಧ.

ಇನ್ನು ನಮ್ಮ ಸರಕಾರದ ಕಡೆಗೆ ಬರೋಣ. ಭಾರತದಲ್ಲಿ ನಾವಿಕ ಶಿಕ್ಷಣಕ್ಕೆ ಬೇಡಿಕೆ ಬಂದದ್ದು ಸ್ವದೇಶಿ ಭಾವನೆಯಿಂದ. ನಮಗೆ ಸಮೀಪದ ಸೋಲಾಪುರದಲ್ಲಿ ಹುಟ್ಟಿದ ವಾಲ್ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿಯವರೊಂದಿಗೆ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಅವರ ಲಾಯಲ್ಟಿ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ. ಹಡಗು ಭಾರತೀಯರದಾದರೂ ಅದನ್ನು ನಡೆಸುವ ಅಧಿಕಾರಿಗಳು ಭಾರತೀಯರಾಗಿರಲಿಲ್ಲ. ಈ ಕೊರತೆಯನ್ನು ಪರಿಶೀಲಿಸಲು 1923ರಲ್ಲಿ ಕ್ಯಾಪ್ಟನ್ ಹೆಡ್ಲಮ್ ಅವರ ಅಧ್ಯಕ್ಷತೆಯಲ್ಲಿ ಸರಕಾರ ಸಮಿತಿ ನೇಮಿಸಿತು. ಅದರ ಶಿಫಾರಸಿನಂತೆ 1927ರಲ್ಲಿ ಮುಂಬಯಿ ಬಂದರಿನಲ್ಲಿ ಡಫರಿನ್ ತರಬೇತಿ ಹಡಗು ಆರಂಭವಾಯಿತು. 1904ರಲ್ಲಿ ಕಟ್ಟಿದ ಹಳೆಯ ಸೈನಿಕ ಸಾಗಣೆಯ ಹಡಗದು. ನಮ್ಮ ಮಕ್ಕಳಿಗೆ ಸರಕಾರವೇ ತೆರೆದ ಮೊದಲ ನೌಕಾಶಾಲೆಯೆಂದು ಅದನ್ನು ಕರೆಯಬಹುದು. ಹುಟ್ಟು ಹಾಕುವುದು, ದೋಣಿ ಇಳಿಸುವುದು, ಹಾಯಿ ಕಟ್ಟುವುದು ಅಂಥ ಶಾಲೆಯ ನಿತ್ಯಕರ್ಮಗಳು. ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ರಾಮದಾಸ ಕಟಾರಿ ಒಬ್ಬರು. ಅವರು ನಮ್ಮದೇ ಹಳೆಯ ರಾಜಧಾನಿಯಾದ ಹೈದರಾಬಾದಿನಲ್ಲಿ ಬೆಳೆದವರು. 1958ರಲ್ಲಿ ಭಾರತೀಯ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯರು. ಸಮುದ್ರ ಕಾಣದ ಊರಿನಿಂದ ಹೋದವರೂ ಸಮುದ್ರವನ್ನು ಆಳಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಡಫರಿನ್ ಅಧಿಕಾರಿಗಳಾಗುವವರಿಗೆ. ದೋಣಿಯ ಹಗ್ಗ ಹಿಡಿಯುವ ಖಲಾಸಿಗೆ ಯಾರು ಕಲಿಸಬೇಕು? ಸ್ವಾತಂತ್ರ್ಯ ಬರುವ ತನಕ ಅವನು ಕಲಿತದ್ದು ಬಹುಮಟ್ಟಿಗೆ ಸೇರಂಗನ ಬಾಯಿಂದ, ಹಡಗಿನ ಮೇಲೆಯೇ. ಸ್ವತಂತ್ರ ಭಾರತದ ಸರಕಾರ 1949ರಲ್ಲಿ ಮುಂಬಯಿಯಲ್ಲಿ ನೌಕಾ ಮಹಾನಿರ್ದೇಶನಾಲಯವನ್ನು ಸ್ಥಾಪಿಸಿತು. ಅನಂತರ ಸಾಮಾನ್ಯ ನಾವಿಕರಿಗೆಂದೇ ಮೂರು ತರಬೇತಿ ಹಡಗುಗಳನ್ನು ನಡೆಸಿತು: ಕೋಲ್ಕತ್ತದಲ್ಲಿ ಭದ್ರಾ, ವಿಶಾಖಪಟ್ಟಣದಲ್ಲಿ ಮೇಖಲಾ, ಗುಜರಾತಿನ ನವಲಖಿಯಲ್ಲಿ ನೌಲಕ್ಷಿ. ಹಳ್ಳಿಯ ಹುಡುಗನನ್ನು ಹಿಡಿದು ಈಜು, ಗಂಟು, ಹುಟ್ಟು, ದೋಣಿ ಕಲಿಸಿ ಹಡಗಿಗೆ ಕಳಿಸುವ ಹೊಣೆಯನ್ನು ಸರಕಾರವೇ ಹೊತ್ತದ್ದು ಸಣ್ಣ ಮಾತಲ್ಲ. 1958ರ ವಾಣಿಜ್ಯ ನೌಕಾಯಾನ ಕಾಯಿದೆಯು ಜೀವರಕ್ಷಕ ಸಾಧನಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಆ ಕಾಯಿದೆಯ ಸ್ಥಾನಕ್ಕೆ ಹೊಸ ಕಾಯಿದೆಯೊಂದನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದೆ. ಡಫರಿನ್ನಿನ ಸ್ಥಾನಕ್ಕೆ 1972ರಲ್ಲಿ ರಾಜೇಂದ್ರ ಬಂತು. 1993ರಲ್ಲಿ ನವಿ ಮುಂಬಯಿಯ ದಡದ ಮೇಲೆ ಚಾಣಕ್ಯ ಬಂತು.

ಕಡಲಿನ ಶಿಕ್ಷಣದಲ್ಲಿ ಎರಡನೆಯ ದೊಡ್ಡ ತಿರುವು 1978ರದು. ಅಲ್ಲಿಯವರೆಗೆ ಒಂದೊಂದು ದೇಶ ಒಂದೊಂದು ರೀತಿ ಕಲಿಸುತ್ತಿತ್ತು. ಆ ವರ್ಷ ಲಂಡನ್ನಿನಲ್ಲಿ ನಾವಿಕರ ತರಬೇತಿಗೆ ಜಗತ್ತಿಗೆಲ್ಲ ಒಂದೇ ಅಳತೆಗೋಲನ್ನು ಗೊತ್ತುಮಾಡಿದರು. 1995ರಲ್ಲಿ ಮತ್ತು 2010ರಲ್ಲಿ ಮನಿಲಾದಲ್ಲಿ ಅದನ್ನು ಬಿಗಿಗೊಳಿಸಿದರು. ಹಡಗೇರುವ ಮುನ್ನ ಪ್ರತಿಯೊಬ್ಬನೂ ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಮೂಲಪಾಠವನ್ನು ಕಲಿಯಬೇಕು. ದೋಣಿಯ ಮೇಲ್ವಿಚಾರಣೆ ವಹಿಸುವವನು ಅದಕ್ಕೆಂದೇ ಬೇರೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಬೇಕು. ಹಡಗಿನ ಮೇಲೂ ಅಭ್ಯಾಸ ನಿಲ್ಲುವಂತಿಲ್ಲ. ಪ್ರತಿಯೊಬ್ಬ ನಾವಿಕನೂ ತಿಂಗಳಿಗೊಮ್ಮೆ ಹಡಗು ತ್ಯಜಿಸುವ ಕವಾಯತಿನಲ್ಲಿ ಭಾಗವಹಿಸಬೇಕು. ಸಾಮಾನ್ಯ ಲೈಫ್‌ಬೋಟುಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ನೀರಿಗಿಳಿಸಿ ನಡೆಸಬೇಕು. ಸಿಬ್ಬಂದಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಹೊಸಬರಾದರೆ ಬಂದರು ಬಿಟ್ಟ 24 ಗಂಟೆಗಳೊಳಗೆ ಕವಾಯತು ಆಗಬೇಕು. ದೋಣಿಯಲ್ಲಿ ತಲಾ ಮೂರು ಲೀಟರ್ ಸಿಹಿನೀರು ಇರಬೇಕು. ಮೊದಲ ಒಂದು ದಿನ ಗಾಯಾಳುಗಳ ಹೊರತು ಯಾರಿಗೂ ನೀರು ಕೊಡದಿರುವುದು, ಎಷ್ಟೇ ಬಾಯಾರಿದರೂ ಕಡಲನೀರನ್ನು ಮುಟ್ಟದಿರುವುದು ಇವೆಲ್ಲ ಪಾಠದ ಭಾಗಗಳು.

ಇದರಲ್ಲಿಯೂ ಒಂದು ವಿಷಾದದ ಸಂಗತಿಯುಂಟು. ದೋಣಿ ಇಳಿಸುವ ಅಭ್ಯಾಸದಲ್ಲಿಯೇ ಅನೇಕ ನಾವಿಕರು ಸತ್ತಿದ್ದಾರೆ. ಬ್ರಿಟನ್ನಿನ ಅಪಘಾತ ತನಿಖಾ ಸಂಸ್ಥೆ 2001ರಲ್ಲಿ ಹತ್ತು ವರ್ಷಗಳ ಲೆಕ್ಕ ತೆಗೆದಾಗ, ತಾನು ದಾಖಲಿಸಿದ ಲೈಫ್‌ಬೋಟ್ ಅಪಘಾತಗಳಲ್ಲಿ 12 ನಾವಿಕರು ಸತ್ತು 87 ಮಂದಿ ಗಾಯಗೊಂಡಿದ್ದರು. ಕೊಕ್ಕೆಗಳು ತಾವಾಗಿ ಬಿಚ್ಚಿಕೊಳ್ಳುವುದು ಮುಖ್ಯ ಕಾರಣಗಳಲ್ಲೊಂದು. ಕೊನೆಗೆ ಆ ಕೊಕ್ಕೆಗಳ ವಿನ್ಯಾಸದ ಬಗ್ಗೆ ಅಂತರರಾಷ್ಟ್ರೀಯ ನಿಯಮಗಳನ್ನೇ ಬದಲಿಸಿ 2013ರಿಂದ ಜಾರಿಗೆ ತಂದರು. ಕಲಿಕೆಯ ಸಾಧನವೇ ಕೆಟ್ಟದ್ದಾದರೆ ವಿದ್ಯಾರ್ಥಿ ಕಲಿಕೆಗೆ ಅಂಜುತ್ತಾನೆ. ಅಂಜಿದವನು ಹೊತ್ತು ಬಂದಾಗ ಕೈಚಲ್ಲುತ್ತಾನೆ.

ನಮ್ಮ ಕನ್ನಡ ಕರಾವಳಿಯೂ ಈ ಕಥೆಯ ಹೊರಗಿಲ್ಲ. 2006ರ ಮೇ ಕೊನೆಯಲ್ಲಿ ಕಾರವಾರದ ಬಳಿ ಓಷನ್ ಸೆರಾಯಾ ಹಡಗು ಬಂಡೆಗೆ ಸಿಲುಕಿ ಒಡೆಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕ ಕೋರಮಂಡಲ್ ಸಪೋರ್ಟರ್ ಎಂಬ ಟಗ್ಗಿನಿಂದ ಒಂಬತ್ತು ಮಂದಿಯನ್ನು ಕರಾವಳಿ ಕಾವಲುಪಡೆ ಮತ್ತು ನೌಕಾಪಡೆ ರಕ್ಷಿಸಿದವು. ಅದೇ ಚಂಡಮಾರುತದಲ್ಲಿ ಮುಂಬಯಿಯಾಚೆ ಪಿ-305 ಎಂಬ ಬಾರ್ಜು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಇತ್ತೀಚಿನ ನಿದರ್ಶನ 2025ರ ಜೂನ್ 9ರದು. ಕೇರಳದ ಕರಾವಳಿಯಾಚೆ ಸಿಂಗಪುರದ ವಾನ್ ಹೈ 503 ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹೊತ್ತಿತು. ಅದರಲ್ಲಿದ್ದವರು 22 ಮಂದಿ, ನಾಲ್ವರು ಕಣ್ಮರೆಯಾದರು. ಉಳಿದ 18 ಮಂದಿ ಹಡಗು ತ್ಯಜಿಸಿ ದೋಣಿ ಹಿಡಿದರು. ನೌಕಾಪಡೆಯ ಸೂರತ್ ನೌಕೆ ಅವರನ್ನು ಅದೇ ರಾತ್ರಿ ನವಮಂಗಳೂರು ಬಂದರಿಗೆ ತಂದಿತು. ಅವರಲ್ಲಿ ಕೆಲವರಿಗೆ ಸುಟ್ಟ ಗಾಯಗಳಾಗಿದ್ದವು. ಉರಿಯುವ ಹಡಗಿನಿಂದ ಹದಿನೆಂಟು ಜೀವಗಳು ಹೊರಬಂದದ್ದರ ಹಿಂದೆ, ಎಲ್ಲೋ ಯಾವುದೋ ದೇಶದಲ್ಲಿ ಯಾರೋ ಗುರುಗಳು ಕಲಿಸಿದ ದೋಣಿಯ ಪಾಠವಿತ್ತು.

ನದಿಯ ದಡದವರಾದ ನಮಗೆ ಈ ಸತ್ಯ ಹೊಸದಲ್ಲ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು 2014ರಲ್ಲಿ, ಒಣಗಿದ ಸೋರೆ, ಕುಂಬಳಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದನ್ನು ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. ಆ ಸೋರೆಬುರುಡೆ ನಮ್ಮವರ ಲೈಫ್‌ಜಾಕೆಟ್ಟು. ಅದನ್ನು ಕಟ್ಟುವ ಬಗೆ, ಹೊಳೆಯ ಸೆಳೆತವನ್ನು ಅರಿಯುವ ಬಗೆ ಮನೆಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಅವಳ ಧೈರ್ಯವನ್ನು ಎಲ್ಲರೂ ಕೊಂಡಾಡಿದರು. ಹೆರಿಗೆಗೆ ಹೋಗುವವಳು ಹೊಳೆ ಈಜಬೇಕಾಗಿ ಬಂದದ್ದು ಮಾತ್ರ ಕೊಂಡಾಡುವ ಸಂಗತಿಯಲ್ಲ. ಜನರ ವಿದ್ಯೆ ಎಷ್ಟೇ ದೊಡ್ಡದಿರಲಿ, ಸರಕಾರ ಮಾಡಬೇಕಾದ ಕೆಲಸಕ್ಕೆ ಅದು ಬದಲಿಯಾಗಲಾರದು. ಕಡಲಿನ ಇತಿಹಾಸವೂ ಇದನ್ನೇ ಹೇಳುತ್ತದೆ.

ಈಗ ಖರ್ಚಿನ ಪ್ರಶ್ನೆ. 1990ರ ದಶಕದ ಉತ್ತರಾರ್ಧದಲ್ಲಿ ನಾವಿಕ ಶಿಕ್ಷಣಕ್ಕೆ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಲಾಯಿತು. ಭದ್ರಾ, ಮೇಖಲಾ, ನೌಲಕ್ಷಿ ಹಡಗುಗಳು ಕಾಲಕ್ರಮೇಣ ಸೇವೆಯಿಂದ ನಿವೃತ್ತವಾದವು. ಸರಕಾರ 2004ರಲ್ಲಿ ಹಡಗು ಕಂಪನಿಗಳಿಗೆ ಟನ್ನೇಜ್ ತೆರಿಗೆಯ ರಿಯಾಯಿತಿ ಕೊಟ್ಟಾಗ, ತರುಣರಿಗೆ ಹಡಗಿನ ಮೇಲೆ ತರಬೇತಿ ಕೊಡಬೇಕೆಂಬ ಷರತ್ತನ್ನೂ ಹಾಕಿತು. 2008ರಲ್ಲಿ ಭಾರತೀಯ ಸಾಗರ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಭಾರತೀಯ ನಾವಿಕರ ಸಂಖ್ಯೆ ಎರಡೂವರೆ ಲಕ್ಷವನ್ನು ದಾಟಿದೆ. ಇವು ಸಂತೋಷದ ಸಂಗತಿಗಳು. ಆದರೆ ಹತ್ತನೆಯ ತರಗತಿ ಪಾಸಾಗಿ ಆರು ತಿಂಗಳ ಸಾಮಾನ್ಯ ನಾವಿಕ ತರಬೇತಿಗೆ ಹೋಗಬಯಸುವ ಬಡ ಹುಡುಗ ಶುಲ್ಕವನ್ನು ತಾನೇ ಹೊಂದಿಸಬೇಕು. ಮುಂದೆ ಒಂದೊಂದು ಪ್ರಮಾಣಪತ್ರಕ್ಕೂ, ಅದರ ನವೀಕರಣಕ್ಕೂ ಹಣ ಕಟ್ಟಬೇಕು. ಕಾನೂನು ಕಡ್ಡಾಯ ಮಾಡಿದ ವಿದ್ಯೆಗೆ ಕಲಿಯುವವನೇ ಬೆಲೆ ತೆರಬೇಕಾದಾಗ, ಆ ವಿದ್ಯೆಯ ಸುತ್ತ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ನಮ್ಮ ಕಡೆಯ ಹುಡುಗನೊಬ್ಬನ ತಂದೆ ಎರಡೆಕರೆ ಹೊಲ ಒತ್ತೆಯಿಟ್ಟು ದಲ್ಲಾಳಿಯೊಬ್ಬನಿಗೆ ಹಣ ಕೊಟ್ಟರು. ಬಂದ ಪ್ರಮಾಣಪತ್ರಕ್ಕೆ ಕಾಗದದ ಬೆಲೆಯೂ ಇರಲಿಲ್ಲ. ಹುಡುಗ ಒಂದು ದಿನವೂ ಹಡಗು ಹತ್ತಲಿಲ್ಲ. ಹೊಲ ಬಿಡಿಸಿಕೊಳ್ಳಲು ಆ ಕುಟುಂಬ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ದುಡಿಯಿತು. ಒಂದು ವೇಳೆ ಅಂಥ ಸುಳ್ಳು ಪತ್ರದಿಂದ ಯಾರಾದರೂ ಹಡಗು ಹತ್ತಿದ್ದರೆ? ಬಿರಡೆ ಎಲ್ಲಿದೆಯೆಂದು ತಿಳಿಯದವನ ಕೈಗೆ ಇಪ್ಪತ್ತು ಜನರ ಜೀವ ಬರುತ್ತಿತ್ತು.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೂ ಅವರ ಮಕ್ಕಳಿಗೂ ಕೆಲವು ಮಾತು. ತರಬೇತಿ ಸಂಸ್ಥೆಗೆ ನೌಕಾ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂದು ಅವರ ಅಧಿಕೃತ ಪಟ್ಟಿಯಲ್ಲಿ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿರಿ. ಹಡಗಿನ ಕೆಲಸ ಕೊಡಿಸುವ ಸಂಸ್ಥೆಗೆ ಸರಕಾರದ ಪರವಾನಗಿ ಇರಬೇಕು. ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಹಣ ಪಡೆಯುವಂತಿಲ್ಲ. ನಾವಿಕರ ದುಡಿಮೆಯ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಹಣ ಕೇಳಿದವನು ವಂಚಕನೆಂದೇ ತಿಳಿಯಿರಿ. ಇನ್ನು ತರಬೇತಿಗೆ ಸೇರಿದ ಮೇಲೆ ಈಜನ್ನೂ ದೋಣಿಯನ್ನೂ ಮನಸ್ಸಿಟ್ಟು ಕಲಿಯಿರಿ; ಪರೀಕ್ಷೆ ಮುಗಿಸುವುದಕ್ಕಾಗಿ ಕಲಿಯಬೇಡಿರಿ.

ಸರಕಾರಕ್ಕೂ ಒಂದು ಮಾತು. ಸಂವಿಧಾನದ 371-ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ, ಅದಕ್ಕೆ ಪ್ರತ್ಯೇಕ ಅನುದಾನವಿದೆ. ಕಟ್ಟಡ, ರಸ್ತೆಗಳ ಜೊತೆಗೆ, ವರ್ಷಕ್ಕೆ ಕೆಲವು ಬಡ ತರುಣರ ನಾವಿಕ ತರಬೇತಿಯ ಶುಲ್ಕವನ್ನು ಅದರಿಂದ ಭರಿಸಿದರೆ ತಪ್ಪೇನು? ಯಾದಗಿರಿಯ ಹುಡುಗನೊಬ್ಬ ಮಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕಲಿತು ಹಡಗೇರಿದರೆ, ಅವನ ದುಡಿಮೆಯಿಂದ ಒಂದು ಮನೆತನ ಗುಳೆ ಹೋಗುವುದು ತಪ್ಪುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸುವ ಕಾಯಕದಿಂದಲೇ ಶರಣನಾದವನು. ದಡ ಮುಟ್ಟಿಸುವುದು ಹಿರಿದಾದ ಕಾಯಕವೆಂದು ನಮ್ಮ ನಾಡು ಅಂದೇ ಒಪ್ಪಿತ್ತು. ಆ ಕಾಯಕವನ್ನು ಕಲಿಸುವುದೂ ಅಷ್ಟೇ ಹಿರಿದು. ನಿಮ್ಮಲ್ಲಿ ಯಾರಾದರೂ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರೆ, ನಿಮ್ಮ ದೋಣಿ ಕವಾಯತಿನ ಅನುಭವವನ್ನು ನನಗೆ ಬರೆದು ತಿಳಿಸಿರಿ. ಇಲ್ಲಿಯ ಶಾಲೆಯ ಮಕ್ಕಳಿಗೆ ಅದನ್ನು ಓದಿ ಹೇಳುವ ಆಸೆ ನನಗಿದೆ. ಎಲ್ಲರಿಗೂ ಶುಭವಾಗಲಿ.